ಕಡಗೋಲಿನ ಬುಡ

ಮಾವನವರ ಟೊಪ್ಪಿಗೆಯಿಂದ ಶುರುವಾಯಿತು. ಭೋಗಿ ಹಬ್ಬದ ಬೆಳಗ್ಗೆ ಸಿದ್ಧೇಶ್ವರ ಗುಡಿಗೆ ಹೊರಟವರು ಪಡಸಾಲೆಯ ಬಾಗಿಲಲ್ಲಿ ಟೊಪ್ಪಿಗೆಯನ್ನು ಬಿಸಿಲಿಗೆ ಹಿಡಿದು ನಿಂತುಬಿಟ್ಟರು.

"ಏ ತಂಗಿ, ಇಲ್ಲಿ ನೋಡಿಲ್ಲಿ. ಎಳ್ಳ ಚೆಲ್ಲಿದಂಗ ಆಗ್ಯಾದಲ್ಲ."

ಬಿಳಿ ಖಾದಿಯ ಮೇಲೆ ಕಂದು ಚುಕ್ಕೆಗಳು. ಉಗುರಿನಿಂದ ಕೆರೆದರೆ ಏಳುತ್ತಿದ್ದವು, ಬೆರಳಿಗೆ ಜಿಡ್ಡಾಗಿ ಹತ್ತುತ್ತಿದ್ದವು. ಮೂಸಿ ನೋಡಿದೆ, ನೋಡಬಾರದಿತ್ತು. ಮಳೆಗಾಲದಲ್ಲಿ ನಾಲ್ಕು ದಿನ ಮೂಲೆಗೆ ಬಿದ್ದ ನೆಲ ಒರೆಸುವ ಅರಿವೆಗೆ ಇರುತ್ತದಲ್ಲ, ಅದೇ ವಾಸನೆ. ಒಗೆದು ಮಡಿಚಿಟ್ಟ ಟೊಪ್ಪಿಗೆ ಅದು. ಮಾವನವರು ಮತ್ತೇನೂ ಅನ್ನಲಿಲ್ಲ. ಹಳೆಯದೊಂದನ್ನು ಹುಡುಕಿ ತಲೆಗಿಟ್ಟುಕೊಂಡು ನಡೆದರು. ಅತ್ತಿಯವರು ಮಾತ್ರ ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚುತ್ತ ಅಡುಗೆ ಮನೆಯಿಂದಲೇ ಅಂದರು: "ಕಲ್ಲಿನ ಮ್ಯಾಲೆ ಒಗದ ಅರಬಿಗೆ ಎಂದರೆ ಹಿಂಗ ಆಗಿತ್ತೇನ? ಆ ಮಶೀನ್ ತಂದಾಗಿಂದ ಹೇಳ್ಲಾಕತ್ತೀನಿ."

ತಂದು 7 ವರ್ಷವಾಗಿತ್ತು. ಅರಿವೆ ಒಗೆಯುವ ಯಂತ್ರ, ಬಾಗಿಲು ಮೇಲಿನಿಂದ ತೆರೆಯುವಂಥದ್ದು. ಈಗ ಅಂಗಡಿಗಳಲ್ಲಿ ಸಿಗುವ ಹೆಚ್ಚಿನವುಗಳಲ್ಲಿ ತಳದಲ್ಲಿ ತಟ್ಟೆಯಂಥದ್ದೊಂದು ತಿರುಗುತ್ತದೆ, ಅದಕ್ಕೆ ಪಲ್ಸೇಟರ್ ಅನ್ನುತ್ತಾರೆ. ನಮ್ಮದರಲ್ಲಿ ತಟ್ಟೆಯ ಬದಲು ನಡುವೆ ಮೊಳದುದ್ದದ ಪ್ಲಾಸ್ಟಿಕ್ ಕಂಬ ನಿಂತಿದೆ, ಮೈತುಂಬ ರೆಕ್ಕೆ. ಅದು ಅಜಿಟೇಟರ್. ಅರ್ಧ ಸುತ್ತು ಈ ಕಡೆ, ಅರ್ಧ ಸುತ್ತು ಆ ಕಡೆ ತಿರುಗಿ ಅರಿವೆಗಳನ್ನು ಕಲಕುತ್ತದೆ. ಮನೆಗೆ ಬಂದ ಮೊದಲ ದಿನವೇ ಅತ್ತಿಯವರು ಒಳಗೆ ಬಗ್ಗಿ ನೋಡಿ "ಅಯ್ಯ, ಕಡಗೋಲಲ್ಲೇನ ಇದು" ಅಂದಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಕಡಗೋಲು. ನಾನೂ ಹಾಗೇ ಬರೆಯುತ್ತೇನೆ.

ವಾಸನೆ ನನಗೆ ಹೊಸದಾಗಿರಲಿಲ್ಲ, ಒಪ್ಪಿಕೊಳ್ಳಬೇಕು. ದೀಪಾವಳಿ ಹೊತ್ತಿಗೇ ಟವೆಲುಗಳು ಮುಗ್ಗು ವಾಸನೆ ಹೊಡೆಯುತ್ತಿದ್ದವು. ಬಿಸಿಲು ಸಾಲದ್ದಕ್ಕೆ ಅಂದುಕೊಂಡೆ (ವಿಜಯಪುರದಲ್ಲಿ ಕೂತು ಬಿಸಿಲು ಸಾಲದು ಅಂದುಕೊಂಡವಳು ನಾನೊಬ್ಬಳೇ ಇರಬೇಕು). ಪೌಡರು ಹೆಚ್ಚು ಹಾಕಿದೆ. ಆಮೇಲೆ ಅರಿವೆ ಮೆತ್ತಗಾಗಿಸುವ ಸುವಾಸನೆಯ ನೀಲಿ ದ್ರವ ತಂದು ಸುರಿದೆ. ವಾಸನೆಯ ಮೇಲೆ ಮಲ್ಲಿಗೆ ಬಂತು, ಕೆಳಗೆ ಮುಗ್ಗು ಹಾಗೇ ಉಳಿಯಿತು.

ಫೋನು ಹಚ್ಚಿದರೆ ರಿಪೇರಿಯವರು ನೋಡುವುದಕ್ಕೂ ಮೊದಲೇ ರೋಗ ಹೇಳಿದರು. ಬಂದು ಹೋಗುವುದಕ್ಕೆ 500, ಡ್ರಮ್ ಬಿಚ್ಚಿದರೆ ಬೇರೆ, ಜಾತ್ರೆ ಇರುವುದರಿಂದ ಹುಡುಗರು ಊರಲ್ಲಿಲ್ಲ, ಬರುವುದು ಮುಂದಿನ ವಾರ. "ಮೇಡಂ, 7 ವರ್ಷ ಆಗ್ಯಾದ ಅಂದ್ರ ಹೊಸಾದು ನೋಡ್ರಿ." ಟೊಪ್ಪಿಗೆಯ ಮೇಲಿನ ಚುಕ್ಕೆಗೆ ಹೊಸ ಯಂತ್ರ ಕೊಳ್ಳುವಷ್ಟು ಸಂಬಳ ನನಗಿಲ್ಲ. ಮಗ ಮೊಬೈಲಿನಲ್ಲಿ ಒಂದೆರಡು ವಿಡಿಯೋ ತೋರಿಸಿದ. ಎಲ್ಲದರಲ್ಲೂ ಒಬ್ಬ ದಪ್ಪ ಕೈಯ ಮನುಷ್ಯ ಕಡಗೋಲನ್ನು ಬದನೆಕಾಯಿ ಕಿತ್ತಷ್ಟು ಸಲೀಸಾಗಿ ಮೇಲೆತ್ತುತ್ತಿದ್ದ. ಅವನ ಊರಿನ ನೀರು ಬೇರೆ ಎಂಬುದು ನನಗೆ ಆಮೇಲೆ ಹೊಳೆಯಿತು.

ಜಾತ್ರೆ ಮುಗಿದ ಮೇಲಿನ ರವಿವಾರ ಹತ್ತು ಗಂಟೆಗೆ ಕೈ ಹಾಕಿದೆವು.

ಮೊದಲು ಪ್ಲಗ್ಗನ್ನೇ ಕಿತ್ತಿಟ್ಟೆ. ಸ್ವಿಚ್ ಆರಿಸಿದರೆ ಸಾಕು ಅಂತ ಮಗ ಅಂದ. ನಮ್ಮ ಮನೆಯ ಹಳೆ ವೈರಿಂಗಿನಲ್ಲಿ ಯಾವ ಸ್ವಿಚ್ಚು ಏನನ್ನು ಆರಿಸುತ್ತದೆ ಎಂದು ಆಣೆ ಮಾಡಿ ಹೇಳುವವರು ಯಾರೂ ಇಲ್ಲ. ನಲ್ಲಿ ಬಂದ್ ಮಾಡಿದೆ. ಯಂತ್ರವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದು, ಬಚ್ಚಲ ಬೆಳಕು ಸಾಲದೆ ಮೊಬೈಲಿನ ಟಾರ್ಚು ಹಚ್ಚಿ ಒಳಗೆ ಬಗ್ಗಿದೆ.

ಕಡಗೋಲಿನ ನೆತ್ತಿಯ ಮೇಲೆ ಒಂದು ಬಟ್ಟಲಿತ್ತು, ನೀಲಿ ದ್ರವ ಹಾಕುವುದು. ಎರಡೂ ಕೈಯಿಂದ ಹಿಂಡಿ ಎತ್ತಿದರೆ ಬಂತು. ಅದರ ತಳ ಲೋಳೆ ಲೋಳೆ. ಅದರ ಕೆಳಗೆ ಇನ್ನೊಂದು ಸಣ್ಣ ಮುಚ್ಚಳ, ಸುತ್ತ ರಬ್ಬರಿನ ಬಳೆ. ಚಪ್ಪಟೆ ಸ್ಕ್ರೂಡ್ರೈವರಿನ ತುದಿಗೆ ಅರಿವೆ ಸುತ್ತಿ ಎಬ್ಬಿಸಿದೆ. ಅದು ಹಾರಿದ ಮೇಲೆ ಕಂಬದ ಒಳಗೆ ಕತ್ತಲೆಯ ಬಾವಿ. ಟಾರ್ಚು ಹಿಡಿದರೆ ತಳದಲ್ಲಿ, ಕೈ ಮುಟ್ಟದಷ್ಟು ಆಳದಲ್ಲಿ, ಆರು ಮೂಲೆಯ ಒಂದು ಬೋಲ್ಟು. ಇಡೀ ಕಡಗೋಲನ್ನು ಹಿಡಿದು ನಿಲ್ಲಿಸಿದ್ದು ಅದೊಂದೇ.

ನಮ್ಮ ಮನೆಯ ಪಾನಾಗಳು ಅಲ್ಲಿಗೆ ಇಳಿಯುವುದೇ ಇಲ್ಲ. ಓಣಿಯ ತಿರುವಿನಲ್ಲಿ ಬೈಕ್ ರಿಪೇರಿ ಮಾಡುವ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಉದ್ದನೆಯ ಟಿ ಪಾನಾ ಬೇಕು ಅಂದೆ.

"ಎಷ್ಟರದು ಬೇಕ್ರಿ ಅಕ್ಕೋರ?"

ಎಷ್ಟರದು ಎಂದರೆ ನನಗೇನು ಗೊತ್ತು. 10ರದು, 12ರದು ಎರಡೂ ಕೊಟ್ಟ. 10ರದು ಬೋಲ್ಟಿನ ತಲೆಯ ಮೇಲೆ ಕೂರಲೇ ಇಲ್ಲ. 12ರದು ಕೂತಿತು, ಗಟ್ಟಿ ತಿರುವಿದೆ, ಜಾರಿತು. ಮತ್ತೆ ತಿರುವಿದೆ, ಮತ್ತೆ ಜಾರಿತು. ಮೂರನೆಯ ಸಲ ಇನ್ನೂ ಜೋರು ಹಾಕುವವಳಿದ್ದೆ, ಹಿಂದೆ ನಿಂತ ಮಾವನವರು "ತಡಿ ತಡಿ, ಮೂಲಿ ಸವದರ ಮುಂದ ಬ್ರಹ್ಮ ಬಂದರೂ ಬಿಚ್ಚೂದಿಲ್ಲ" ಅಂದು ತಡೆದರು. ಅವರು ಪಂಪ್‌ಸೆಟ್ಟು ಬಿಚ್ಚಿ ಜೋಡಿಸುತ್ತಲೇ ತೋಟ ಮಾಡಿದವರು, ಕೇಳಿದೆ. ಮಗ ಮತ್ತೆ ಓಡಿ 11ರದು ತಂದ. ಅದು ಬೋಲ್ಟಿನ ಮೇಲೆ ಕೂತ ಸದ್ದೇ ಬೇರೆ. ಈ ಜಾತಿಯ ಯಂತ್ರಗಳಲ್ಲಿ ಹಲವುಗಳ ಬೋಲ್ಟು ಇಂಚಿನ ಲೆಕ್ಕದ್ದು, 7/16 ಇಂಚು. ಮಿಲಿಮೀಟರಿನಲ್ಲಿ 11ಕ್ಕೆ ಕೂದಲೆಳೆಯಷ್ಟು ಹೆಚ್ಚು. ಇದನ್ನು ಮೊದಲೇ ತಿಳಿದಿದ್ದರೆ ಎರಡು ಮೂಲೆ ಸವೆಯುತ್ತಿರಲಿಲ್ಲ.

ಮಗ ರೆಕ್ಕೆಗಳನ್ನು ಅಪ್ಪಿ ಹಿಡಿದ, ನಾನು ಪಾನಾದ ಅಡ್ಡ ಹಿಡಿಕೆಗೆ ಮೈಭಾರ ಹಾಕಿ ಎಡಕ್ಕೆ ತಿರುವಿದೆ. "ಕಟ್" ಅಂತು. ಏನೋ ಮುರಿಯಿತು ಅಂತ ಎದೆ ಧಸಕ್ಕೆಂದಿತು. ಮುರಿದಿರಲಿಲ್ಲ, ಬೋಲ್ಟು ಬಿಟ್ಟಿತ್ತು. ಪಾನಾವನ್ನು ಬೆರಳಿನಿಂದ ತಿರುಗಿಸಿ ತಿರುಗಿಸಿ ಅದನ್ನು ಮೇಲೆ ತಂದೆವು. ಕೆಂಪು ತುಕ್ಕು, ಜೊತೆಗೊಂದು ವಾಷರ್. ಎರಡನ್ನೂ ಚಹಾದ ಬಸಿಯಲ್ಲಿ ಇಟ್ಟು ದೇವರ ಜಗುಲಿಯ ಪಕ್ಕ ಎತ್ತಿಟ್ಟೆ. ನಮ್ಮ ಮನೆಯಲ್ಲಿ ಯಾವ ವಸ್ತುವೂ ಕಳೆಯದ ಜಾಗ ಅದೊಂದೇ.

ಇಲ್ಲಿಗೆ ಹನ್ನೊಂದೂವರೆ. ವಿಡಿಯೋದವನ ಪ್ರಕಾರ ಇನ್ನು ಎತ್ತಿದರೆ ಬರಬೇಕು.

ಬರಲಿಲ್ಲ. ನಾನು ಎಳೆದೆ, ಮಗ ಎಳೆದ, ಇಬ್ಬರೂ ಎಳೆದೆವು. ಕಡಗೋಲಿನ ಜೊತೆ ಇಡೀ ಡ್ರಮ್ಮೇ ಮೇಲಕ್ಕೆ ಬಂತು, ಬಿಟ್ಟರೆ ದಢಕ್ಕನೆ ಕೂತಿತು. ಡ್ರಮ್ ನಾಲ್ಕು ಮೂಲೆಯ ಸ್ಪ್ರಿಂಗ್ ಕಡ್ಡಿಗಳ ಮೇಲೆ ತೂಗುತ್ತಿರುತ್ತದೆ. ಹಾಗೆ ಎಳೆಯುತ್ತ ಕೂತರೆ ಕಡ್ಡಿ ಕಳಚುವುದೇ ಹೊರತು ಕಡಗೋಲು ಬರುವುದಿಲ್ಲ. ಬುಡದಲ್ಲಿ ಉಕ್ಕಿನ ಹಲ್ಲುಗಳಿರುವ ಒಂದು ದಿಂಡು, ಅದರ ಮೇಲೆ ಪ್ಲಾಸ್ಟಿಕ್ಕಿನ ಹಲ್ಲು ಕೂತಿರುತ್ತದೆ. ಆ ಹಲ್ಲುಗಳ ಸಂದಿಯಲ್ಲೆಲ್ಲ ಏಳು ವರ್ಷದ ಸುಣ್ಣ ಗಟ್ಟಿಯಾಗಿ ಬೆಸೆದಿತ್ತು.

ನೀರಿನ ಮಾತು ಇಲ್ಲಿ ಹೇಳಬೇಕು. ನಾವಿರುವುದು ಜಲನಗರದಲ್ಲಿ. ಹೆಸರು ಕೇಳಿ ಮೋಸ ಹೋಗಬೇಡಿ. ಕೊಲ್ಹಾರದಿಂದ ಬರುವ ಕೃಷ್ಣೆಯ ನೀರನ್ನು ನಮ್ಮ ಮನೆಯಲ್ಲಿ ಕುಡಿಯಲು, ಬೇಳೆ ಬೇಯಿಸಲು ತುಂಬಿಡುತ್ತೇವೆ. ಉಳಿದ ಎಲ್ಲಕ್ಕೂ ಬೋರಿನ ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ತಲೆ ತೊಳೆದರೆ ಕೂದಲು ಕತ್ತಾಳಿ ನಾರಿನಂತೆ ಆಗುತ್ತದೆ, ಬಕೀಟಿನ ಅಂಚಿಗೆ ಆರು ತಿಂಗಳಲ್ಲಿ ಬಿಳಿ ಪಟ್ಟಿ ಕಟ್ಟುತ್ತದೆ. ಬಕೀಟನ್ನು ತಿಕ್ಕುತ್ತೇವೆ, ಗೀಸರಿನ ಕಾಯಿಲ್ ಬದಲಿಸುತ್ತೇವೆ. ಅದೇ ನೀರು ದಿನಾ ಹೋಗುವ ಯಂತ್ರದ ಒಳಗೆ ಏನಾಗಿರಬಹುದು ಎಂದು ನಾನು ಒಂದು ಸಲವೂ ಯೋಚಿಸಿರಲಿಲ್ಲ. ಪ್ರೌಢಶಾಲೆಯಲ್ಲಿ 10ನೆಯ ತರಗತಿಗೆ ವಿಜ್ಞಾನ ಹೇಳುವವಳು ನಾನು. ಸಾಬೂನು, ಮಾರ್ಜಕ, ಗಡಸು ನೀರು ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುತ್ತೇನೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಎಂದು ಮಕ್ಕಳ ಬಾಯಲ್ಲಿ ಹೇಳಿಸುತ್ತೇನೆ.

ಬಿಸಿನೀರು ಹಾಕಿ ನೋಡೋಣ ಅಂತ ಎರಡು ಬಕೀಟು ಗೀಸರ್ ನೀರನ್ನು ಬುಡ ಮುಳುಗುವಷ್ಟು ಸುರಿದೆ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾದೀತು. ಕೈ ಇಟ್ಟರೆ ಚುರುಕ್ಕೆನ್ನುವಷ್ಟು ಸಾಕು. ನೀರಿಗೆ ಮೂರು ಚಮಚೆ ಲಿಂಬಿ ಉಪ್ಪು ಹಾಕಿದೆ. ಕಿರಾಣಿ ಅಂಗಡಿಯಲ್ಲಿ ಸಕ್ಕರೆಯ ಹರಳಿನಂತೆ ಪೊಟ್ಟಣದಲ್ಲಿ ಸಿಗುತ್ತದಲ್ಲ, ಅದೇ. ಸಿಟ್ರಿಕ್ ಆಮ್ಲ. ಮುಕ್ಕಾಲು ಗಂಟೆ ಬಿಟ್ಟು ಊಟ ಮಾಡಿದೆವು.

ಊಟದ ಮೇಲೆ ಅತ್ತಿಯವರು ತಾವಾಗಿ ಎದ್ದು ಬಂದರು. ಕೈಯಲ್ಲಿ ಮಾವನವರ ಹರಿದ ಧೋತರದ ಎರಡು ಉದ್ದ ಪಟ್ಟಿ, ಹುರಿಗೊಳಿಸಿದ್ದು. "ನೈಲಾನ್ ಹಗ್ಗ ಹಾಕಬ್ಯಾಡ, ಪ್ಲಾಸ್ಟಿಕ್ ಕೊಯ್ತದ," ಅಂದರು. ಯಂತ್ರವನ್ನು ಬಯ್ಯುತ್ತಲೇ ಇದ್ದವರಿಗೆ ಅದರ ಪ್ಲಾಸ್ಟಿಕ್ಕಿನ ಮೇಲೆ ಇಷ್ಟು ಕಾಳಜಿ ಎಲ್ಲಿಂದ ಬಂತೋ. ಕಡಗೋಲಿನ ಬುಡ ಲಂಗದಂತೆ ಅಗಲವಾಗಿ ಹರಡಿಕೊಂಡಿರುತ್ತದೆ, ಅದಕ್ಕೂ ಡ್ರಮ್ಮಿನ ತಳಕ್ಕೂ ನಡುವೆ ಬೆರಳು ತೂರದಷ್ಟು ಸಂದಿ. ಹಳೆ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಹೊದಿಕೆಯಿಂದ ತಳ್ಳಿ ತಳ್ಳಿ ಪಟ್ಟಿಗಳನ್ನು ಒಂದು ಈ ಬದಿಗೆ, ಒಂದು ಆ ಬದಿಗೆ ತೂರಿಸಿದೆವು. ನಾಲ್ಕು ತುದಿಗಳನ್ನೂ ಮೇಲೆ ತಂದು ಗಂಟು ಹಾಕಿ, ಗಂಟಿನೊಳಗೆ ಒನಕೆ ತೂರಿಸಿ ಒಂದು ತುದಿ ನಾನು, ಒಂದು ತುದಿ ಮಗ.

"ಪಲ್ಲಕ್ಕಿ ಆತಲ್ಲ ಮಮ್ಮಿ," ಅಂದ. ನಗುತ್ತ ಎತ್ತಿದರೆ ಎತ್ತಲಾಗಲಿಲ್ಲ.

ಮಾವನವರು ಸ್ಟೂಲ್ ತಂದು ಪಕ್ಕದಲ್ಲಿ ಕೂತರು. "ದನದ ಗೂಟ ಕೀಳೂದು ಹ್ಯಾಂಗ? ಒಮ್ಮೆಲೇ ಜಗ್ಗಿದರ ಬರ್ತದೇನ? ಅಲಗಾಡಿಸಬೇಕು, ಸುತ್ತ ನೀರ ಹಾಕಬೇಕು, ಮತ್ತ ಅಲಗಾಡಿಸಬೇಕು. ಅದು ತಾನ ಬರ್ತೀನಿ ಅಂತದ." ಮತ್ತೆ ಬಿಸಿನೀರು. ಈ ಸಲ ಜಗ್ಗಲಿಲ್ಲ; ಒನಕೆಯನ್ನು ಒಂದಿಷ್ಟು ಬಿಗಿ ಮಾಡಿ ಹಿಡಿದು ಕಡಗೋಲನ್ನು ಆಚೆ ಈಚೆ ತಿರುಗಿಸಿದೆವು. ತಿರುಗಿಸಿದಾಗ ಅದರ ಮೇಲಿನ ಅರ್ಧ ಒಂದೇ ದಿಕ್ಕಿಗೆ ಕಟಕಟ ಎಂದು ಓಡುತ್ತದೆ, ಇನ್ನೊಂದು ದಿಕ್ಕಿಗೆ ಓಡುವುದಿಲ್ಲ. ಅದು ಕೆಟ್ಟದ್ದಲ್ಲ, ಅದರ ಗುಣವೇ ಹಾಗೆ. ಎರಡೂ ಕಡೆ ಸಲೀಸಾಗಿ ತಿರುಗಿದರೆ ಮಾತ್ರ ಒಳಗಿನ ಸಣ್ಣ ಹಲ್ಲುಗಳು ಸವೆದಿವೆ ಎಂದರ್ಥ. ಹತ್ತು ನಿಮಿಷ ಅಲಗಾಡಿಸಿರಬೇಕು. ಕೈ ಸೋತು, ಸಾಕು ಬಿಡು ರಿಪೇರಿಯವರನ್ನೇ ಕರೆದರಾಯಿತು ಎಂದು ಬಾಯಿಗೆ ಬಂದಿತ್ತು. ಆಗ ಕೆಳಗೆ ಎಲ್ಲೋ ಕರ್ರ್ ಎಂದಿತು. ಗೋಡೆಯ ಸುಣ್ಣ ಏಳುವಾಗಿನ ಸದ್ದು.

"ಈಗ ಜಗ್ರಿ," ಅಂದರು ಮಾವನವರು.

ಜಗ್ಗಿದೆವು. ಕಡಗೋಲು ಬಂತು. ಬಂದ ರಭಸಕ್ಕೆ ಒನಕೆ ನನ್ನ ಗದ್ದಕ್ಕೆ ಬಡಿಯಿತು, ಮಗ ಬಚ್ಚಲ ಕಟ್ಟೆಯ ಮೇಲೆ ಕೂತ, ಬುಡದಲ್ಲಿದ್ದ ಕಪ್ಪು ನೀರು ಒಂದು ಚರಿಗೆಯಷ್ಟು ಗೋಡೆಗೆ, ನನ್ನ ನೈಟಿಗೆ, ಅತ್ತಿಯವರ ಇಳಕಲ್ ಸೀರೆಯ ಅಂಚಿಗೆ. ಆ ಸೀರೆ ಈ ಯಂತ್ರದ ಮುಖವನ್ನೇ ಕಂಡಿರಲಿಲ್ಲ, ಯಾವಾಗಲೂ ಕೈಯಲ್ಲೇ ಒಗೆಯುತ್ತಾರೆ. ಕೊನೆಗೂ ಯಂತ್ರವೇ ಬಂದು ಅದನ್ನು ಭೇಟಿ ಮಾಡಿತು.

ವಾಸನೆಯನ್ನು ನಾನು ವರ್ಣಿಸುವುದಿಲ್ಲ. ಮಗ ಹೊರಗೆ ಓಡಿದ.

ಕಡಗೋಲನ್ನು ಮಗುಚಿ ಬಚ್ಚಲಲ್ಲಿ ಇಟ್ಟೆ. ಲಂಗದ ಒಳಮೈ ಕಾಣಿಸುತ್ತಲೇ ಇರಲಿಲ್ಲ. ಎರಡು ಬೆರಳು ದಪ್ಪ ಬೂದು ಬಣ್ಣದ ಮುದ್ದೆ, ಮುಟ್ಟಿದರೆ ಮೇಲೆ ಲೋಳೆ, ಒಳಗೆ ಗಟ್ಟಿ. ಸ್ಕ್ರೂಡ್ರೈವರಿನಿಂದ ಒಂದು ಹೋಳು ಎಬ್ಬಿಸಿ ನಲ್ಲಿಯ ಕೆಳಗೆ ಹಿಡಿದೆ. ಲೋಳೆ ತೊಳೆದು ಹೋದ ಮೇಲೆ ಕಡಿದ ಮುಖ ನೋಡಿದರೆ ಪದರ ಪದರ: ಬಿಳಿ, ಬೂದು, ಮತ್ತೆ ಬಿಳಿ, ನಡುನಡುವೆ ತೆಳ್ಳಗೆ ಕೆಂಪು ಗೆರೆ. ಕೆಂಪು ಏನು ಎಂದು ತಲೆ ಕೆರೆದುಕೊಂಡೆ. ಆಮೇಲೆ ನೆನಪಾಯಿತು. ಮಗ ಎಂಟನೆಯ ತರಗತಿಯಲ್ಲಿದ್ದಾಗ ತಂದ ಕೆಂಪು ಟವೆಲು, ಮೂರು ತಿಂಗಳು ನೂಲು ಬಿಟ್ಟು ಎಲ್ಲರ ಬನಿಯನ್ನು ಗುಲಾಬಿ ಮಾಡಿತ್ತು. ಟವೆಲು ಹರಿದು ಹೋಗಿ ಯಾವ ಕಾಲವಾಯಿತು, ಅದರ ನೂಲು ಮಾತ್ರ ಇಲ್ಲಿ ಪದರದೊಳಗೆ ಕೂತಿತ್ತು.

ಮುದ್ದೆ ಕೆದರಿದಂತೆ ಒಂದೊಂದೇ ಸಿಕ್ಕವು. ಕುಪ್ಪಸದ ಹುಕ್ಕು ನಾಲ್ಕು. ಶಾಲೆಯ ಸಮವಸ್ತ್ರದ ಬಿಳಿ ಗುಂಡಿ. ಒಂದು ರೂಪಾಯಿ, ಕಪ್ಪಾದದ್ದು. ದ್ರಾಕ್ಷಿಯ ತೊಟ್ಟುಗಳು, ಮಗ ಮಣೂಕ ಜೇಬಿಗೆ ತುಂಬಿಕೊಂಡು ತಿನ್ನುವವನು. ಕ್ಲಿಪ್ಪಿನ ಮುರಿದ ಹಲ್ಲು. ಕೊನೆಗೆ ಅಂಗುಷ್ಠದ ಗಾತ್ರದ ಒಂದು ತಗಡಿನ ಮುಚ್ಚಳ, ಸುಣ್ಣದ ಡಬ್ಬಿಯದು. ಮಾವನವರು ಎರಡು ವರ್ಷದಿಂದ ತಮ್ಮ ಸುಣ್ಣದ ಡಬ್ಬಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ದಾರ ಸುತ್ತಿಕೊಂಡು ತಿರುಗುತ್ತಿದ್ದಾರೆ. ಮುಚ್ಚಳವನ್ನು ಅತ್ತಿಯವರೇ ಎಲ್ಲೋ ಎಸೆದರು ಎಂಬುದು ಅವರ ದೂರು. ತೊಳೆದು ಕೈಗೆ ಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿದು ತಿರುಗಿಸಿ ನೋಡಿದರು. ಅತ್ತಿಯವರ ಕಡೆ ನೋಡಲಿಲ್ಲ.

"ಅಂಗಿ ಜೇಬಿನ್ಯಾಗ ಏನರೆ ಇದ್ದರ ನೋಡಿ ಹಾಕಬೇಕಲ್ಲ," ಅಂದರು ನನಗೆ.

"ನೋಡಿ ಬಿಚ್ಚಿ ಕೊಡಬೇಕಲ್ಲ," ಅಂದರು ಅತ್ತಿಯವರು ಸೀರೆಯ ಅಂಚು ಹಿಂಡುತ್ತ.

ಕಸವನ್ನೆಲ್ಲ ನೋಡುತ್ತ ನನಗೆ ನಮ್ಮೂರಿನ ಗಂಜುಗಳು, ಅಂದರೆ ಹಳೆಯ ನೀರಿನ ಗೋಪುರಗಳು, ನೆನಪಾದವು. ಆದಿಲ್‌ಶಾಹಿ ಕಾಲದಲ್ಲಿ ಬೇಗಂ ತಲಾಬಿನಿಂದ ಊರಿಗೆ ನೆಲದೊಳಗಿನ ಕೊಳವೆಯಲ್ಲಿ ನೀರು ಬರುತ್ತಿತ್ತು. ಮುಹಮ್ಮದ್ ಆದಿಲ್ ಶಾ 1651ರಲ್ಲಿ ಕಟ್ಟಿಸಿದ ಕೆರೆ ಅದು. ದಾರಿಯುದ್ದಕ್ಕೂ ಅಲ್ಲಲ್ಲಿ ಎತ್ತರದ ಕಲ್ಲಿನ ಗೋಪುರ ಕಟ್ಟಿದ್ದಾರೆ. ಕೊಳವೆ ಒಡೆಯದಂತೆ ನೀರಿನ ಒತ್ತಡ ಇಳಿಸುವುದಕ್ಕೂ ಆಯಿತು, ನೀರಿನಲ್ಲಿ ಬಂದ ಕೆಸರು ಗೋಪುರದ ತಳದಲ್ಲೇ ಕೂತು ತಿಳಿನೀರು ಮುಂದೆ ಹೋಗುವುದಕ್ಕೂ ಆಯಿತು. ಪ್ರತಿ ವರ್ಷ ಮಕ್ಕಳನ್ನು ಕರೆದೊಯ್ದು ತೋರಿಸಿ, ಕೆಸರು ಎಲ್ಲಿ ಕೂರಬೇಕು ಎಂಬುದನ್ನು ಕಟ್ಟುವ ಮುಂಚೆಯೇ ಯೋಚಿಸಿದ್ದರು ನೋಡಿ ಅನ್ನುತ್ತೇನೆ. ಮನೆಯ ಬಚ್ಚಲಲ್ಲೂ ಒಂದು ಗಂಜ್ ಇತ್ತು. ಇದರಲ್ಲಿ ಕೆಸರು ತಳದಲ್ಲಿ ನಿಲ್ಲದೆ ಟೊಪ್ಪಿಗೆಗೆ ಏರುತ್ತಿತ್ತು, ಅಷ್ಟೇ ವ್ಯತ್ಯಾಸ.

ಇಷ್ಟು ದಪ್ಪ ಯಾಕೆ ಕಟ್ಟಿತು ಎಂಬುದು ತೊಳೆಯುತ್ತ ಕೂತಾಗ ತಿಳಿಯುತ್ತ ಹೋಯಿತು. ಬಿಳಿ ಪದರ ಸುಣ್ಣ. ಒಗೆಯುವ ಪೌಡರಿನಲ್ಲಿ ವಾಷಿಂಗ್ ಸೋಡಾ ಇರುತ್ತದೆ. ಅದು ಸವಳು ನೀರಿನ ಕ್ಯಾಲ್ಸಿಯಂ ಜೊತೆ ಸೇರಿದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲೇ, ಕೆಳಗೆ ಇಳಿಯುತ್ತದೆ. ವಾಸನೆ ಬಂತೆಂದು ಪೌಡರು ಹೆಚ್ಚಿಸಿದೆನಲ್ಲ, ಅದು ಬೆಂಕಿಗೆ ಎಣ್ಣೆ. ನೀಲಿ ದ್ರವ ಮೇಣದಂತೆ ಮೆತ್ತಿಕೊಂಡು ನೂಲನ್ನೆಲ್ಲ ಹಿಡಿದಿಟ್ಟಿತ್ತು. ಆದರೆ ಬೂದು ಲೋಳೆ? ಪಾಠದ ಪ್ರಕಾರ ಸವಳು ನೀರಿನಲ್ಲಿ ಕಲ್ಮಷ ಕಟ್ಟುವುದು ಸಾಬೂನು, ಮಾರ್ಜಕ ಅಲ್ಲ. ನಾನು ಹಾಕುವುದು ಮಾರ್ಜಕದ ಪೌಡರು ಮಾತ್ರ. ಮುದ್ದೆಯ ಒಂದು ಕಡೆ ಹಳದಿ ಬಣ್ಣದ, ಇನ್ನೂ ಕರಗದ ತುಣುಕು ಸಿಕ್ಕಿತು. ಎತ್ತಿ ಹಿಡಿದು ಅತ್ತಿಯವರನ್ನು ನೋಡಿದೆ.

"ಸಾಬಾಣ ಸಣ್ಣಾದ್ದು ಇರ್ತದಲ್ಲ, ಕೈಯಾಗ ಹಿಡೀಲಿಕ್ಕೆ ಬರೂದಿಲ್ಲ. ಚೆಲ್ಲಬೇಕೇನ ಅದನ್ನ? ನೀ ಸಾಲಿಗೆ ಹೋದ ಮ್ಯಾಲೆ ಅದರಾಗ ಹಾಕ್ತೀನಿ. ನಿನ್ನ ಪೌಡರದಾಗ ಹೊಲಸ ಹೋಗೂದಿಲ್ಲ."

ಏಳು ವರ್ಷ. ವಾರಕ್ಕೆ ಎರಡು ತುಣುಕು ಅಂತ ಹಿಡಿದರೂ ಲೆಕ್ಕ ಹಾಕುವ ಧೈರ್ಯ ಬರಲಿಲ್ಲ. ನಾನು ಪೌಡರು ಹೆಚ್ಚಿಸಿ, ದ್ರವ ಸುರಿದು ಮಾಡಿದ್ದೇನು ಕಡಿಮೆ? ಇಬ್ಬರೂ ಸೇರಿಯೇ ಕಟ್ಟಿದ ಗೋಡೆ ಅದು.

ತೊಳೆಯುವುದು ಬೇಸರದ ಕೆಲಸ, ಬೇಗ ಹೇಳಿ ಮುಗಿಸುತ್ತೇನೆ. ದೊಡ್ಡ ಬಕೀಟಿಗೆ ಬಿಸಿನೀರು, ನಾಲ್ಕು ಚಮಚೆ ಲಿಂಬಿ ಉಪ್ಪು, ಅದರಲ್ಲಿ ಕಡಗೋಲು ತಲೆಕೆಳಗು. ಸುಣ್ಣ ಬುಸುಬುಸು ಎಂದು ಗುಳ್ಳೆ ಬಿಟ್ಟಿತು. ಓಡಿ ಹೋಗಿದ್ದ ಮಗ ಅದನ್ನು ನೋಡಲು ಮಾತ್ರ ವಾಪಸು ಬಂದ. ಕಾರ್ಬನ್ ಡೈಆಕ್ಸೈಡ್ ಅಂತ ಅವನಿಗೆ ಹೇಳಹೊರಟರೆ "ಇವತ್ತು ರವಿವಾರ" ಅಂದ. ಒಂದು ಗಂಟೆ ನೆನೆಸಿ, ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ರೆಕ್ಕೆಗಳ ಸಂದಿಗೆ ಕಸಬರಿಗೆ ಕಡ್ಡಿ ಆಡಿಸಿದೆ. ಉಕ್ಕಿನ ದಿಂಡಿನ ಹಲ್ಲುಗಳನ್ನು ಅದೇ ನೀರಿನಿಂದ ಬ್ರಶ್ ಮಾಡಿ ಕೂಡಲೇ ಒಳ್ಳೆಯ ನೀರು ಹೊಯ್ದೆ; ಕಬ್ಬಿಣದ ಮೇಲೆ ಹುಳಿ ನಿಲ್ಲಬಾರದು. ದಿಂಡಿನ ಬುಡದಲ್ಲಿ ರಬ್ಬರಿನ ಸೀಲ್ ಇರುತ್ತದೆ, ನೀರು ಮೋಟಾರಿಗೆ ಇಳಿಯದಂತೆ ತಡೆಯುವುದು ಅದೇ. ಆ ಕಡೆ ತಂತಿಯ ತಿಕ್ಕುವ ಬ್ರಶ್ಶು, ಸ್ಕ್ರೂಡ್ರೈವರು ಒಯ್ಯಲಿಲ್ಲ.

ಅತ್ತಿಯವರು ನಡುವೆ ಬ್ಲೀಚಿಂಗ್ ಪೌಡರಿನ ಡಬ್ಬಿ ತಂದು ಇಟ್ಟರು, ಒಂದು ಹಿಡಿ ಹಾಕಿದರೆ ವಾಸನೆ ಹೋಗುತ್ತದೆ ಅಂತ. ಡಬ್ಬಿಯನ್ನು ಅವರ ಕೈಯಿಂದ ಇಸಿದುಕೊಂಡು ಹೊರಗೆ ಇಟ್ಟು ಬಂದೆ. ಲಿಂಬಿ ಉಪ್ಪಿನ ನೀರಿಗೆ ಬ್ಲೀಚಿಂಗ್ ಪೌಡರು ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ನಮ್ಮ ಬಚ್ಚಲಲ್ಲಿ ಅದು ತಮಾಷೆಯಲ್ಲ. ಅಷ್ಟು ಹೊತ್ತು ಅತ್ತಿಯವರೊಂದಿಗೆ ನಾನು ಗಟ್ಟಿ ದನಿಯಲ್ಲಿ ಮಾತಾಡಿದ್ದು ಅದೊಂದು ಸಲ ಮಾತ್ರ.

ಒಂದು ತಪ್ಪು ಮಾಡಿದೆ, ಅದನ್ನೂ ಹೇಳಬೇಕು. ಡ್ರಮ್ಮಿನ ತಳದಲ್ಲಿ ಉಳಿದ ಮುದ್ದೆಯನ್ನು ಸೌಟಿನಿಂದ ಬಳಿದು ಹಾಕಬೇಕಿತ್ತು. ಸಾಕಾಗಿ ಹೋಗಿತ್ತು, ನೀರು ಹೊಯ್ದು ತೂತುಗಳ ಕಡೆ ತಳ್ಳಿಬಿಟ್ಟೆ. ಆಮೇಲೆ ಯಂತ್ರ ನೀರು ಹೊರಗೆ ಬಿಡುವಾಗ ಪೈಪಿನಿಂದ ಮೊದಲು ನೀರು, ಆಮೇಲೆ ಹನಿ, ಆಮೇಲೆ ಏನೂ ಇಲ್ಲ. ಪೈಪು ಕಳಚಿ ಅಂಗಳಕ್ಕೆ ಒಯ್ದು ಊದಿ, ಬಡಿದು, ತಂತಿ ತೂರಿಸಿ ಕಟ್ಟಿದ್ದನ್ನು ತೆಗೆಯುವುದರಲ್ಲಿ ಮುಕ್ಕಾಲು ಗಂಟೆ. ಬಚ್ಚಲ ಮೋರಿಯೂ ಕಟ್ಟಿತು, ಅದು ಬೇರೆ.

ಮತ್ತೆ ಕೂರಿಸುವುದು ತೆಗೆದದ್ದಕ್ಕಿಂತ ಸುಲಭ ಅಂದುಕೊಂಡಿದ್ದೆ. ಕಡಗೋಲು ದಿಂಡಿನ ಮೇಲೆ ಇಳಿಯಿತು, ಬೋಲ್ಟು ಹಾಕಿದೆ, ಬೋಲ್ಟು ತಿರುಪು ಹಿಡಿಯಲೇ ಇಲ್ಲ, ಸುಮ್ಮನೆ ಸುತ್ತಿತು. ನೋಡಿದರೆ ಕಡಗೋಲು ಅರ್ಧ ಇಂಚು ಮೇಲೇ ನಿಂತಿತ್ತು. ಹಲ್ಲಿಗೆ ಹಲ್ಲು ಕೂತಿರಲಿಲ್ಲ. ಬೋಲ್ಟು ಪೂರ್ತಿ ತೆಗೆದು, ಕಡಗೋಲನ್ನು ಎರಡೂ ಕೈಯಲ್ಲಿ ಹಿಡಿದು ಒತ್ತುತ್ತ ಸ್ವಲ್ಪ ಸ್ವಲ್ಪವೇ ತಿರುಗಿಸಿದಾಗ ಡಬ್ ಎಂದು ಕೆಳಗೆ ಕೂತಿತು. ಆಗ ಪಾನಾವನ್ನು ಬೆರಳಲ್ಲಿ ತಿರುವಿದರೇ ಬೋಲ್ಟು ಅರ್ಧ ಇಳಿಯಿತು. ಕೊನೆಗೆ ಬಿಗಿ ಮಾಡುವಾಗ ಮಾವನವರು "ಸಾಕು, ಮುಂದಿನ ಸಲ ಬಿಚ್ಚಬೇಕಲ್ಲ" ಅಂದರು. ರಬ್ಬರ್ ಬಳೆ, ಸಣ್ಣ ಮುಚ್ಚಳ, ಮೇಲೆ ಬಟ್ಟಲು. ಅರಿವೆ ಹಾಕದೆ ಒಮ್ಮೆ ಬಿಸಿನೀರು, ಲಿಂಬಿ ಉಪ್ಪು ಮಾತ್ರ ಹಾಕಿ ಓಡಿಸಿದೆ. ನೀರು ಬೂದು ಬಂತು. ಇನ್ನೊಮ್ಮೆ ಓಡಿಸಿದೆ. ತಿಳಿಯಾಯಿತು. ಗಂಟೆ ಐದೂಕಾಲು.

ಮರುವಾರ ಬಾಗಲಕೋಟೆಯ ನವನಗರಕ್ಕೆ ಅಕ್ಕನ ಮನೆಗೆ ಹೋದಾಗ ಅವಳದೂ ಇದೇ ಗೋಳು. ಅವಳ ಯಂತ್ರ ತಟ್ಟೆಯದು, ಪಲ್ಸೇಟರ್. ಅದಕ್ಕೆ ನಡುವೆ ಒಂದು ಸಣ್ಣ ಮುಚ್ಚಳ, ಕೆಳಗೆ ಅಧಿಕ ಚಿಹ್ನೆಯ ತಲೆಯ ಒಂದೇ ಸ್ಕ್ರೂ. ತುಕ್ಕು ಹಿಡಿದಿದ್ದರೆ ಸ್ಕ್ರೂಡ್ರೈವರನ್ನು ಮೈಭಾರದಿಂದ ಒತ್ತಿಕೊಂಡೇ ತಿರುವಬೇಕು, ಇಲ್ಲದಿದ್ದರೆ ತಲೆ ಹಾಳಾಗುತ್ತದೆ. ತಟ್ಟೆಯಲ್ಲಿ ತೂತುಗಳಿದ್ದವು. ಸೀರೆ ನೇತುಹಾಕುವ ತಂತಿಯ ಹ್ಯಾಂಗರ್ ಕತ್ತರಿಸಿ ಎರಡು ಕೊಕ್ಕೆ ಮಾಡಿ, ಎದುರುಬದುರಿನ ತೂತುಗಳಿಗೆ ಸಿಕ್ಕಿಸಿ ಒಟ್ಟಿಗೆ ಎತ್ತಿದೆವು. ಒಂದೇ ಬದಿ ಎತ್ತಿದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಅರ್ಧ ಗಂಟೆಯ ಕೆಲಸ. ಅಕ್ಕನ ಮುಂದೆ ನಾನು ದೊಡ್ಡ ಮೆಕ್ಯಾನಿಕ್ಕಿನ ಹಾಗೆ ಕೈ ಒರೆಸಿಕೊಂಡೆ. ಒನಕೆಯ ಕಥೆ ಹೇಳಲಿಲ್ಲ.

ಈಗ ಪೌಡರು ಮೊದಲಿನ ಅರ್ಧ ಹಾಕುತ್ತೇನೆ, ಅದೂ ಒಂದು ತಂಬಿಗೆ ಬಿಸಿನೀರಿನಲ್ಲಿ ಕರಗಿಸಿ. ನೀಲಿ ದ್ರವ ನಿಂತಿದೆ. ಒಗೆದಾದ ಮೇಲೆ ಮೇಲಿನ ಬಾಗಿಲು ತೆರೆದೇ ಇರುತ್ತದೆ, ಒಳಗೆ ಗಾಳಿಯಾಡಲಿ ಅಂತ. ತಿಂಗಳಿಗೊಮ್ಮೆ ಲಿಂಬಿ ಉಪ್ಪು. ಟೊಪ್ಪಿಗೆ ಬೆಳ್ಳಗಿದೆ. 11ರ ಪಾನಾ ಇನ್ನೂ ನಮ್ಮ ಮನೆಯಲ್ಲೇ ಇದೆ. ಆ ಹುಡುಗ ಎದುರು ಸಿಕ್ಕಾಗಲೆಲ್ಲ ನಮಸ್ಕಾರ ಮಾಡುತ್ತಾನೆ, ಕೇಳಲು ನಾಚಿಕೆ ಪಡುತ್ತಾನೆ, ಕೊಡಲು ನಾನು ಮರೆಯುತ್ತೇನೆ. ಸುಣ್ಣದ ಡಬ್ಬಿಗೆ ಮುಚ್ಚಳ ಕೂರುತ್ತಿಲ್ಲ, ಸ್ವಲ್ಪ ಸೊಟ್ಟಗಾಗಿದೆ. ಆದರೂ ಮಾವನವರು ಪ್ಲಾಸ್ಟಿಕ್ ಹಾಳೆಯ ಮೇಲೆ ಅದನ್ನೇ ಇಟ್ಟು ದಾರ ಸುತ್ತುತ್ತಾರೆ.

ಅತ್ತಿಯವರಿಗೆ ಸಾಬೂನಿನ ತುಣುಕುಗಳನ್ನು ಒಗೆಯುವ ಕಲ್ಲಿನ ಮೇಲೆ ಇಡಲು ಒಂದು ಬಟ್ಟಲು ಕೊಟ್ಟಿದ್ದೇನೆ. ನೆಲ ಒರೆಸುವ ಅರಿವೆಗೆ ಬಳಸುತ್ತೇನೆ ಎಂದು ಒಪ್ಪಿದ್ದಾರೆ. ನಿನ್ನೆ ಸಂಜೆ ಅದರಲ್ಲಿ ಮೂರು ತುಣುಕು ಇದ್ದವು. ಇವತ್ತು ಶಾಲೆಯಿಂದ ಬಂದು ನೋಡಿದರೆ ಎರಡೇ ಇವೆ, ನೆಲ ಒರೆಸಿದಂತೆ ಕಾಣಲಿಲ್ಲ. ಯಂತ್ರದ ಬಾಗಿಲು ಮುಚ್ಚಿತ್ತು.